ಹೊರೆಗೊಂದು ಹೆಸರು

ಉಡುಪಿಯ ಕಡೆ ಯಾರಾದರೂ ಸೊಂಟಕ್ಕೆ ಕೈ ಆನಿಸಿ ನಿಂತರೆ ಸಾಕು, ಎದುರಿಗಿದ್ದವರು ಕೇಳುತ್ತಾರೆ: "ಎಂತ ಮಾರಾಯ್ರೆ, ಡಿಸ್ಕಾ?" ಕಾಪುವಿನ ಮೀನು ಮಾರುಕಟ್ಟೆಯಲ್ಲಿ, ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ, ರಥಬೀದಿಯ ಹೂವಿನಂಗಡಿಯ ಮುಂದೆ, ಎಲ್ಲ ಕಡೆಯೂ ಇದೇ ಪ್ರಶ್ನೆ. ಉತ್ತರವೂ ತಯಾರಿರುತ್ತದೆ. "ಹೌದು, ಎಲ್ ಫೋರ್, ಎಲ್ ಫೈವ್. ಮಣಿಪಾಲಕ್ಕೆ ಹೋಗಿ ತೋರಿಸಿ ಬಂದೆ." 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದರು. ಅಲ್ಲಿಂದೀಚೆಗೆ ಆ ಗುಡ್ಡದಿಂದ ಔಷಧಿಯ ಜೊತೆಗೆ ಮಾತುಗಳೂ ಊರೂರಿಗೆ ಇಳಿದು ಬಂದಿವೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಎಂಆರ್‌ಐ, ಫಿಸಿಯೋ, ಬೆಲ್ಟ್ ಎನ್ನುತ್ತಾರೆ. ಒಳ್ಳೆಯದೇ. ಕಣ್ಣಿಗೆ ಕಾಣದ ಒಂದು ಪುಟ್ಟ ಅಂಗದ ಹೆಸರು ಎಲ್ಲರ ಬಾಯಿಗೆ ಬಂದಿದೆ. ಆದರೆ ಆ ಹೆಸರು ಸಿಕ್ಕ ಕೂಡಲೇ ಇನ್ನೊಂದು ಪ್ರಶ್ನೆ ಬಾಯಲ್ಲೇ ಉಳಿದುಬಿಡುತ್ತದೆ. ಡಿಸ್ಕ್ ಎಂದಾದ ಮೇಲೆ, ಅದರ ಮೇಲೆ ಇಷ್ಟು ವರ್ಷ ಕೂತಿದ್ದ ಭಾರ ಯಾವುದು, ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ತಲೆಯ ಮೇಲೆ ಕೊಡವನ್ನೋ ಹುಲ್ಲುಹೊರೆಯನ್ನೋ ಮೀನಿನ ಬುಟ್ಟಿಯನ್ನೋ ಹೊತ್ತವರಿಗೆ ಸಿಂಬೆ ಗೊತ್ತು. ಹಳೆಯ ಸೀರೆಯ ತುಂಡನ್ನೋ ಬೈಹುಲ್ಲನ್ನೋ ದುಂಡಗೆ ಸುತ್ತಿ, ನೆತ್ತಿಗೂ ಹೊರೆಗೂ ನಡುವೆ ಇಟ್ಟುಕೊಳ್ಳುವುದು. ಬೆನ್ನುಮೂಳೆಯ ಒಂದು ಮಣಿಗೂ ಇನ್ನೊಂದು ಮಣಿಗೂ ನಡುವೆ ದೇಹ ತಾನೇ ಸುತ್ತಿಟ್ಟುಕೊಂಡ ಸಿಂಬೆಯೇ ಡಿಸ್ಕ್. ಕತ್ತಿನಿಂದ ಸೊಂಟದವರೆಗೆ ಒಟ್ಟು 23 ಇವೆ. ಹೊರಗೆ ಪದರ ಪದರವಾಗಿ ಗಟ್ಟಿ ನಾರಿನ ಸುತ್ತು, ಒಳಗೆ ನೀರು ಹಿಡಿದಿಟ್ಟುಕೊಂಡ ಮೆತ್ತಗಿನ ತಿರುಳು. ಬೆಳೆದವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳ ಹೋಗುವುದಿಲ್ಲ. ಮೇಲಿನ ಮತ್ತು ಕೆಳಗಿನ ಮೂಳೆಯಿಂದ ಜಿನುಗಿ ಬಂದದ್ದೇ ಅದರ ಆಹಾರ. ಹಗಲೆಲ್ಲ ಭಾರಕ್ಕೆ ಅದರ ನೀರು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ನಾವು ಹಿಂದಿನ ರಾತ್ರಿಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುತ್ತೇವೆ. ಹೊರುವುದಕ್ಕೇ ಹುಟ್ಟಿದ ಈ ಅಂಗಕ್ಕೂ ದಿನಕ್ಕೊಮ್ಮೆ ಹೊರೆ ಇಳಿಸಲೇಬೇಕು. ಇಳಿಸುವ ಹೊತ್ತಿನಲ್ಲೇ ಅದು ಮಾರನೆಯ ದಿನಕ್ಕೆ ತಯಾರಾಗುವುದು.

ಡಿಸ್ಕ್ ಜಾರಿತು ಎನ್ನುತ್ತೇವೆ. ಅದು ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ನಾರಿನ ಸುತ್ತು ಸವೆದು ಬಿರಿದ ಕಡೆ ಒಳಗಿನ ತಿರುಳು ಹೊರಕ್ಕೆ ಉಬ್ಬಿ ಪಕ್ಕದ ನರವನ್ನು ಒತ್ತುತ್ತದೆ, ಕೆರಳಿಸುತ್ತದೆ. ನೋವು ಸೊಂಟದಲ್ಲಿ ಹೊರಟು ತೊಡೆ, ಮೀನಖಂಡ, ಪಾದದವರೆಗೆ ಸೆಳೆಯುತ್ತದೆ. ಕಾಲಿನ ಸೆಳೆತಕ್ಕೂ ಬೆನ್ನಿನ ಈ ಬಿರುಕಿಗೂ ಇರುವ ಸಂಬಂಧವನ್ನು ವೈದ್ಯಲೋಕ ಒಪ್ಪುವಂತೆ ಬರೆದು ತೋರಿಸಿದವರು ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್, 1934ರಲ್ಲಿ. ಅದಕ್ಕೆ ಮೊದಲೂ ಜನ ಹೊರುತ್ತಿದ್ದರು, ನರಳುತ್ತಿದ್ದರು. ನಮ್ಮಲ್ಲಿ ಅದಕ್ಕೆ ವಾಯು ಎಂದೋ ಉಳುಕು ಎಂದೋ ಹೇಳಿ ಎಣ್ಣೆ ತಿಕ್ಕಿ ಮತ್ತೆ ಗದ್ದೆಗಿಳಿಯುತ್ತಿದ್ದರು.

ಡಿಸ್ಕ್ ಎಂಬ ಮಾತು ಗ್ರೀಕರ ಡಿಸ್ಕೋಸ್‌ನಿಂದ ಬಂದದ್ದು, ಆಟಗಾರರು ಬೀಸಿ ಎಸೆಯುತ್ತಿದ್ದ ದುಂಡು ಬಿಲ್ಲೆ. ಲ್ಯಾಟಿನ್ನಿನಲ್ಲಿ ಅದು ಡಿಸ್ಕಸ್ ಆಯಿತು. ಅದರಿಂದ ಯುರೋಪಿನ ಭಾಷೆಗಳು ಒಂದೊಂದು ವಿಶೇಷಣ ಮಾಡಿಕೊಂಡವು. ಫ್ರೆಂಚ್ ವೈದ್ಯರು ಎರ್ನಿ ಡಿಸ್ಕಾಲ್ ಎಂದು ಬರೆಯುತ್ತಾರೆ, ಸ್ಪೇನಿನವರು ಎರ್ನಿಯಾ ಡಿಸ್ಕಲ್, ಇಟಲಿಯವರು ಎರ್ನಿಯಾ ಡಿಸ್ಕಾಲೆ. ವಚನಕ್ಕೆ ತಕ್ಕಂತೆ, ಫ್ರೆಂಚಿನಲ್ಲಿ ಲಿಂಗಕ್ಕೂ ತಕ್ಕಂತೆ, ಕೊನೆಯ ಅಕ್ಷರ ಬದಲಾಗುತ್ತದೆ. ಫ್ರೆಂಚಿನಲ್ಲಿ ಪುಲ್ಲಿಂಗದ ಬಹುವಚನ ಡಿಸ್ಕೋ ಎಂದು ಕೇಳಿಸುತ್ತದೆ, ಇಟಾಲಿಯನ್ನಿನಲ್ಲಿ ಡಿಸ್ಕಾಲಿ, ಸ್ಪ್ಯಾನಿಷಿನಲ್ಲಿ ಡಿಸ್ಕಾಲೆಸ್. ಇಂಗ್ಲಿಷಿನಲ್ಲೂ ಡಿಸ್ಕಲ್ ಇದೆ, ಬಳಸುವವರು ಕಡಿಮೆ. ಎಲ್ಲದರ ಅರ್ಥ ಒಂದೇ: ಡಿಸ್ಕಿಗೆ ಸಂಬಂಧಿಸಿದ್ದು. ಚಿಕಿತ್ಸೆ ಮಾಡುವವರಿಗೆ ಈ ವಿಶೇಷಣ ಬೇಕು. ನೋವು ಮೂತ್ರಪಿಂಡದ್ದೋ ಸೊಂಟದ ಕೀಲಿನದೋ ಡಿಸ್ಕಿನದೋ ಎಂದು ಗೊತ್ತಾಗದೆ ಮದ್ದು ಕೊಡುವುದು ಹೇಗೆ? ಮನೆಗೂ ಊರಿಗೂ ಮಾತ್ರ ಅಷ್ಟು ಸಾಲದು. ಡಿಸ್ಕಿನ ನೋವು ಎಂದು ಹೇಳಿ ಮುಗಿಸಿದಾಗ ತಪ್ಪು ಡಿಸ್ಕಿನದಾಗುತ್ತದೆ. ಆಮೇಲೆ ಆ ಬೆನ್ನಿನದು, ಆಮೇಲೆ ಆ ಮನುಷ್ಯನದು. "ಅವಳ ಬೆನ್ನು ಮೊದಲಿನಿಂದಲೂ ಸರಿ ಇಲ್ಲ" ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಸರಿ ಇಲ್ಲದ ಬೆನ್ನು ಯಾರದು? 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ, ಶೇ. 52ರಷ್ಟು ಮಂದಿಯಲ್ಲಿ, ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇ. 36 ಮಾತ್ರ. ನಕ್ಕೊಂಡು ಓಡಾಡಿಕೊಂಡಿದ್ದವರ ಬೆನ್ನಿನ ಚಿತ್ರ ಇದು. ವಯಸ್ಸು ಏರಿದಂತೆ ಡಿಸ್ಕ್ ಸವೆಯುವುದು ಕೂದಲು ನರೆತಷ್ಟೇ ಸಹಜ. ಉಬ್ಬಿ ಹೊರಬಂದ ತಿರುಳು ಕೂಡ ಬಹಳ ಜನರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗಿ ಕುಗ್ಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗುವವರು ಕಡಿಮೆ. (ಕಾಲಿನ ಬಲ ಇಳಿಯುತ್ತಾ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆ ಸೇರಬೇಕು.) ಇಷ್ಟು ಸಮಾಧಾನದ ಮಾತು ಇರುವಾಗಲೂ ನಮ್ಮ ಊರುಗಳಲ್ಲಿ ಡಿಸ್ಕ್ ಎಂಬ ಮಾತು ಶಾಪದ ಹಾಗೆ ಮನೆಯೊಳಗೆ ಬರುತ್ತದೆ. ನಲವತ್ತರ ಹೆಂಗಸು ತನ್ನನ್ನು ಮುರಿದ ಪಾತ್ರೆ ಎಂದು ತಿಳಿದುಕೊಳ್ಳುತ್ತಾಳೆ. ಚಿತ್ರದಲ್ಲಿ ಕಂಡ ಉಬ್ಬಿಗೆ ಹೆದರಿ ನಡೆಯುವುದನ್ನೇ ಬಿಡುತ್ತಾಳೆ, ನಡೆಯದೆ ಇನ್ನಷ್ಟು ಬಿಗಿಯುತ್ತಾಳೆ.

ನಡೆಯಿರಿ, ಎಂದಿನ ಕೆಲಸ ಮಾಡಿಕೊಂಡಿರಿ ಎಂದು ಈಗಿನ ವೈದ್ಯಕೀಯ ಹೇಳುತ್ತದೆ. ಇದರ ಹಿಂದೆ ಹೆಲ್ಸಿಂಕಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೆ. ಸೊಂಟ ಹಿಡಿದು ಬಂದವರಲ್ಲಿ ಮಲಗಿದವರಿಗಿಂತ, ವ್ಯಾಯಾಮ ಮಾಡಿದವರಿಗಿಂತ, ಸಹಿಸುವಷ್ಟು ಮಟ್ಟಿಗೆ ಎಂದಿನ ಓಡಾಟ ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. ಒಪ್ಪುವ ಮಾತೇ. ಒಂದನ್ನು ನೆನಪಿಡಬೇಕು, ಅವರು ಹೆಲ್ಸಿಂಕಿ ನಗರಾಡಳಿತದ ನೌಕರರು. ಅವರ ಎಂದಿನ ಕೆಲಸ ಬೇರೆ, ಮಲ್ಪೆಯಲ್ಲಿ ನಸುಕಿಗೆ ಮೀನು ಹರಾಜು ಹಿಡಿದು ಬುಟ್ಟಿ ಹೊತ್ತು ಬಸ್ಸೇರಿ ಮನೆಮನೆಯ ಮೆಟ್ಟಿಲು ಹತ್ತಿಳಿಯುವ ಹೆಂಗಸಿನ ಎಂದಿನ ಕೆಲಸ ಬೇರೆ. "ಬಗ್ಗಬೇಡಿ, ಭಾರ ಎತ್ತಬೇಡಿ" ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಆಕೆ ತಲೆಯಾಡಿಸುತ್ತಾಳೆ, ಹೊರಗೆ ಬಂದು ಚೀಟಿಯನ್ನು ಪರ್ಸಿನಲ್ಲಿಡುತ್ತಾಳೆ. ಆಷಾಢದ ಕೆಸರಿನಲ್ಲಿ ನೇಜಿ ನೆಡುವವಳು ಬಗ್ಗದೆ ನೆಡುವುದು ಹೇಗೆ? ಬೀಡಿ ಕಟ್ಟುವವಳು ಮೊರವನ್ನು ತೊಡೆಯ ಮೇಲಿಟ್ಟು ದಿನವೆಲ್ಲ ಕುತ್ತಿಗೆ ತಗ್ಗಿಸದೆ ಲೆಕ್ಕದ ಬೀಡಿ ಮುಗಿಸುವುದು ಹೇಗೆ? ಸಲಹೆ ಸರಿ ಇದೆ. ಅದನ್ನು ನಡೆಸಬೇಕಾದವರು ರೋಗಿಯೊಬ್ಬರೇ ಅಲ್ಲ. ಕೂಲಿ ಕೊಡುವವರು, ಮನೆಯ ಉಳಿದವರು, ಮಾರುಕಟ್ಟೆ ಕಟ್ಟಿಸುವ ಪಂಚಾಯತಿನವರು ಎಲ್ಲರೂ ಆ ಚೀಟಿಯನ್ನು ಓದಬೇಕಾದವರು.

ಭಾರ ಡಿಸ್ಕಿಗೆ ಹೇಗೆ ತಾಗುತ್ತದೆ ಎಂದು ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಅಳೆದರು. ಜೀವಂತ ಮನುಷ್ಯರ ಡಿಸ್ಕಿನೊಳಗೇ ಸೂಜಿ ಇಳಿಸಿ ಒತ್ತಡ ನೋಡಿದರು. ಮಲಗಿದಾಗ ತೀರಾ ಕಡಿಮೆ, ನಿಂತಾಗ ಹೆಚ್ಚು. ಮುಂದಕ್ಕೆ ಬಗ್ಗಿ ಕೈಯಲ್ಲಿ 20 ಕಿಲೋ ಹಿಡಿದಾಗ ಬರೀ ನಿಂತದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮಲ್ಲಿ ಒಂದು ಸಿಮೆಂಟ್ ಚೀಲ 50 ಕಿಲೋ. ಅಡುಗೆಯ ಗ್ಯಾಸ್ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಕಬ್ಬಿಣದ ತೂಕವೂ ಹೆಚ್ಚುಕಡಿಮೆ ಅಷ್ಟೇ, ಒಟ್ಟು ಮೂವತ್ತರ ಹತ್ತಿರ. ಮಣಿಪಾಲದ ಬಹುಮಹಡಿ ಮನೆಗಳಲ್ಲಿ ಕರೆಂಟ್ ಹೋಗಿ ಲಿಫ್ಟ್ ನಿಂತ ದಿನ ಅದು ಒಬ್ಬ ಹುಡುಗನ ಹೆಗಲ ಮೇಲೆ ಮೇಲಕ್ಕೆ ಹೋಗುತ್ತದೆ. ಬಾಗಿಲು ತೆರೆದವರು ಸೀಲ್ ಸರಿ ಇದೆಯೇ ಎಂದು ನೋಡುತ್ತಾರೆ. ನೋಡಬೇಕಾದ್ದೇ.

ಇವೆಲ್ಲ ಕಾಣುವ ಹೊರೆಗಳು. ಕಾಣದ ಹೊರೆ ಮನೆಯ ಒಳಕೋಣೆಯಲ್ಲಿದೆ. ಕರಾವಳಿಯಲ್ಲಿ ಮಕ್ಕಳು ಮುಂಬಯಿಗೆ ಹೋದರು, ಗಲ್ಫಿಗೆ ಹೋದರು, ಬೆಂಗಳೂರಿಗೆ ಹೋದರು. ಹಾಸಿಗೆ ಹಿಡಿದ ಅಮ್ಮನನ್ನೋ ಅತ್ತೆಯನ್ನೋ ನೋಡಿಕೊಳ್ಳಲು ಉಳಿದವರು ಒಬ್ಬ ಸೊಸೆ, ಒಬ್ಬ ಮದುವೆಯಾಗದ ಮಗಳು, ಅಥವಾ ಘಟ್ಟದ ಮೇಲಿನಿಂದ ಬಂದ ಒಬ್ಬ ಹೋಂ ನರ್ಸ್. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಎಬ್ಬಿಸಿ ಕೂರಿಸುವುದು, ಎತ್ತಿ ಕುರ್ಚಿಗೆ ತರುವುದು, ಬಚ್ಚಲಿಗೆ ಒಯ್ದು ಮರಳಿ ಮಲಗಿಸುವುದು. ಸಿಮೆಂಟ್ ಚೀಲಕ್ಕಾದರೆ ಹಿಡಿಯಲು ಮೂಲೆ ಇದೆ, ಅದು ಕೊಸರಾಡುವುದಿಲ್ಲ, ಅದಕ್ಕೆ ನೋವಾಗುವುದಿಲ್ಲ. ಮನುಷ್ಯ ದೇಹದ ಭಾರ ಹಾಗಲ್ಲ. ಪ್ರೀತಿ, ಅಸಹ್ಯ, ದಣಿವು, ಕರ್ತವ್ಯ ಎಲ್ಲವನ್ನೂ ಕೂಡಿಸಿ ಎತ್ತಬೇಕು, ಅದೂ ತಗ್ಗಿನ ಮಂಚದ ಪಕ್ಕದಲ್ಲಿ ಬಗ್ಗಿ. ಎರಡು ವರ್ಷದಲ್ಲಿ ಆಕೆಯ ಬೆನ್ನು ಹೋಗುತ್ತದೆ. ದುಬೈಯಿಂದ ಫೋನ್ ಬರುತ್ತದೆ: "ಅಕ್ಕ, ಡಿಸ್ಕಂತೆ? ಎಂಆರ್‌ಐ ಮಾಡಿಸಿ, ದುಡ್ಡು ನಾನು ಹಾಕ್ತೇನೆ." ದುಡ್ಡು ಹಾಕುವ ತಮ್ಮ ಕೆಟ್ಟವನಲ್ಲ, ಅವನ ಕಾಳಜಿ ನಿಜವಾದದ್ದು. ಅಮ್ಮನನ್ನು ಎತ್ತುವಾಗ ಆಚೆ ಬದಿಯಲ್ಲಿ ಯಾರು ಹಿಡಿಯುತ್ತಾರೆ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ, ಅಷ್ಟೇ. ಹಾಗೆ ಕೇಳಿದ್ದರೆ ಅದೇ ದುಡ್ಡಿನಲ್ಲಿ ಎತ್ತರ ಏರಿಸಿ ಇಳಿಸಬಹುದಾದ ಒಂದು ಮಂಚ, ಬೆಳಿಗ್ಗೆ ಸಂಜೆ ಬಂದು ಹೋಗುವ ಇನ್ನೊಬ್ಬ ಆಳು ಬರಬಹುದಿತ್ತು. ಅಕ್ಕನೂ ತಾನಾಗಿ ಹೇಳುವುದಿಲ್ಲ. ಹೇಳಿದರೆ ಅಮ್ಮನನ್ನು ಹೊರೆ ಎಂದಂತಾಗುತ್ತದಲ್ಲ ಎಂಬ ಅಳುಕು.

ಹೊರುವವರನ್ನು ಹೊಗಳುವುದರಲ್ಲಿ ನಾವು ಧಾರಾಳಿಗಳು. ಭೂಮಿತಾಯಿಯ ತಾಳ್ಮೆ ಎನ್ನುತ್ತೇವೆ, ಮನೆಯ ಕಂಬ ಎನ್ನುತ್ತೇವೆ. ಆ ಹೊಗಳಿಕೆಯಲ್ಲಿ ಪ್ರೀತಿ ಇರುವುದು ಸುಳ್ಳಲ್ಲ. ಆದರೆ ಹೊಗಳಿಸಿಕೊಂಡವರು ಆಮೇಲೆ ಇಳಿಸುವ ಹಾಗಿಲ್ಲ. ಇಳಿಸಿದರೆ ಸೋತಂತೆ, ಸ್ವಾರ್ಥಿಯಾದಂತೆ. ಈ ವಿಷಯದಲ್ಲಿ ನನಗೆ ದಾರಿ ತೋರಿಸುವುದು ಕಾರ್ಕಳದ ಬೆಟ್ಟದ ಮೇಲೆ ನಿಂತಿರುವವನು.

1432ರ ಫೆಬ್ರವರಿಯಲ್ಲಿ ವೀರಪಾಂಡ್ಯ ಭೈರರಸ ಅಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ. ಆತನ ಕಥೆಯಲ್ಲೂ ಒಂದು ದುಂಡು ಆಯುಧ ಇದೆ. ಅಣ್ಣ ಭರತನಿಗೆ ಭೂಮಂಡಲವನ್ನೆಲ್ಲ ಗೆದ್ದುಕೊಟ್ಟ ಚಕ್ರರತ್ನ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನಿಗೆ ಸೋತ ಭರತ, ಸಿಟ್ಟಿನ ಭರದಲ್ಲಿ ಚಕ್ರವನ್ನೇ ಬಿಟ್ಟ. ಅದು ಬಾಹುಬಲಿಯನ್ನು ಕೊಲ್ಲಲಿಲ್ಲ, ಸುತ್ತು ಬಂದು ಪಕ್ಕದಲ್ಲಿ ನಿಂತಿತು. ಗೆದ್ದವನ ಕೈಗೆ ಆ ಗಳಿಗೆಯಲ್ಲಿ ರಾಜ್ಯವೂ ಚಕ್ರವೂ ಬಂದಿದ್ದವು. ಆತ ಎರಡನ್ನೂ ಇಳಿಸಿದ. ಪಂಪ 941ರಲ್ಲಿ ಆದಿಪುರಾಣ ಬರೆದಂದಿನಿಂದ ಕನ್ನಡಿಗರು ಈ ಕಥೆಯನ್ನು ತಮ್ಮದೆಂದೇ ಎದೆಯಲ್ಲಿಟ್ಟುಕೊಂಡಿದ್ದಾರೆ. ಕಾರ್ಕಳದಲ್ಲಿ ಆತ ನಿಂತ ಭಂಗಿಗೆ ಕಾಯೋತ್ಸರ್ಗ ಎಂದು ಹೆಸರು. ಬೆನ್ನು ನೆಟ್ಟಗೆ, ತೋಳುಗಳು ಇಳಿಬಿಟ್ಟಿವೆ, ಅಂಗೈಯಲ್ಲಿ ಏನೂ ಇಲ್ಲ. ನಮ್ಮ ಕರಾವಳಿಯಲ್ಲಿ ಇಷ್ಟು ದೊಡ್ಡದಾಗಿ ಕಡೆದು ನಿಲ್ಲಿಸಿದ ಮೂರ್ತಿ ಏನನ್ನೂ ಹೊತ್ತಿಲ್ಲ. ಇಳಿಸಿದ ಕಾರಣಕ್ಕೇ ಆತನಿಗೆ ಮಹಾಮಸ್ತಕಾಭಿಷೇಕ. 2015ರಲ್ಲಿ ನಡೆದಾಗ ಎಷ್ಟು ಸಾವಿರ ಜನ ತಲೆಯೆತ್ತಿ ನೋಡಿದರು! ಅರಸನ ತ್ಯಾಗಕ್ಕೆ ಕೈ ಮುಗಿಯುವ ನಾವು, ಅಡುಗೆಮನೆಯಲ್ಲಿ ನಿಂತವಳು "ಇವತ್ತು ನನ್ನಿಂದಾಗುವುದಿಲ್ಲ" ಎಂದಾಗ ಮುಖ ಗಂಟಿಕ್ಕುವುದು ನ್ಯಾಯವಲ್ಲ. ಅರಸನದು ವೈರಾಗ್ಯ, ಈಕೆಯದು ದಣಿವು ಎಂದು ವಾದಿಸಬಹುದು. ದಣಿವಿಗೂ ಇಳಿಸುವ ಹಕ್ಕಿದೆ ಎಂದೇ ನನ್ನ ನಂಬಿಕೆ.

ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು 39 ಅಡಿಯ ಇನ್ನೊಬ್ಬ ಬಾಹುಬಲಿಯನ್ನು ಕಡೆದರು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾದದ್ದು ಆ ಮೂರ್ತಿ. ಹಲವಾರು ಗಾಲಿಗಳ ಟ್ರೈಲರಿನ ಮೇಲೆ ಅದನ್ನು ಅಲ್ಲಿಗೆ ಒಯ್ದರು. ಅಷ್ಟು ದೊಡ್ಡ ಕಲ್ಲಿನ ಭಾರ ಗಾಲಿಗಳ ಮೇಲೆ ಹೋಯಿತು. ಭಾರವನ್ನು ಬೆನ್ನಿನಿಂದ ಚಕ್ರಕ್ಕೆ ದಾಟಿಸುವ ವಿದ್ಯೆ ನಮಗೆ ಗೊತ್ತಿದೆ ಎಂದಾಯಿತು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯ ಬಂದಾಗ ಊರೂರಿನಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ ಹೊರೆಕಾಣಿಕೆಯಾಗಿ ಮಠಕ್ಕೆ ಬರುತ್ತದೆ. ಈಗ ಅದು ಬರುವುದು ಸಾಲು ಸಾಲು ವಾಹನಗಳಲ್ಲಿ. ಭಕ್ತಿ ಅದರಿಂದ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ, ಹೇಳಲೂಬಾರದು. ದೇವರ ಕೆಲಸದಲ್ಲಿ ಕಂಡುಕೊಂಡ ಈ ಅನುಕೂಲ ಮೀನು ಮಾರುಕಟ್ಟೆಗೂ ಹಾಸಿಗೆಯ ಪಕ್ಕಕ್ಕೂ ಬರಬೇಕು.

ಜರ್ಮನ್ನರ ಒಂದು ವಿಶೇಷಣ ಇಲ್ಲಿ ನೆನಪಾಗುತ್ತದೆ. ಅವರು ಲ್ಯಾಟಿನ್ ಬಿಟ್ಟು ತಮ್ಮದೇ ಮಾತು ಕಟ್ಟಿಕೊಂಡಿದ್ದಾರೆ, ಬಾಂಡ್‌ಶೈಬೆನ್‌ಬೆಡಿಂಗ್ಟ್. ಡಿಸ್ಕಿನ ಕಾರಣದಿಂದಾದ ಎಂದು ಅರ್ಥ. 1993ರ ಜನವರಿಯಿಂದ ಜಾರಿಗೆ ಬಂದಂತೆ ಅವರ ಔದ್ಯೋಗಿಕ ಕಾಯಿಲೆಗಳ ಸರಕಾರಿ ಪಟ್ಟಿಯಲ್ಲಿ 2108 ಎಂಬ ಸಂಖ್ಯೆಯಲ್ಲಿ ಈ ವಿಶೇಷಣ ಕೂತಿದೆ. ಅದರ ಜೊತೆಯಲ್ಲೇ ಹೊರೆಯನ್ನೂ ಬರೆದಿದ್ದಾರೆ: ಹಲವು ವರ್ಷ ಭಾರ ಎತ್ತಿದ್ದರಿಂದ, ಹೊತ್ತದ್ದರಿಂದ, ಅಥವಾ ತೀರಾ ಬಗ್ಗಿ ದುಡಿದದ್ದರಿಂದ ಸೊಂಟದ ಬೆನ್ನುಮೂಳೆಗೆ ಬಂದ ಡಿಸ್ಕಿನ ಕಾಯಿಲೆ. ಗಾರೆ ಕೆಲಸದವರು ಮಾತ್ರವಲ್ಲ, ರೋಗಿಗಳನ್ನು ಎತ್ತಿ ಮಲಗಿಸುವ ದಾದಿಯರೂ ಇದರಡಿ ಹಕ್ಕು ಕೇಳಬಹುದು. ಪರಿಹಾರ ಅಲ್ಲೂ ಸುಲಭದಲ್ಲಿ ಕೈಗೆ ಬರುವುದಿಲ್ಲ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಎಷ್ಟು ಭಾರ ಎಂದು ಲೆಕ್ಕ ಕೇಳುತ್ತಾರೆ. ಆ ಲೆಕ್ಕವನ್ನು ಯಾರೋ ಒಬ್ಬರು ಕೂತು ಕೇಳುತ್ತಾರೆ ಎಂಬುದೇ ನನಗೆ ದೊಡ್ಡದಾಗಿ ಕಾಣುವುದು. 1990ರಲ್ಲಿ ಯುರೋಪಿನ ದೇಶಗಳು ಒಟ್ಟಾಗಿ, ಕೈಯಿಂದ ಭಾರ ಎತ್ತುವ ಕೆಲಸದಲ್ಲಿ ಬೆನ್ನಿಗಾಗುವ ಅಪಾಯ ತಪ್ಪಿಸಲು ಮಾಲೀಕರು ಏನು ಮಾಡಬೇಕೆಂದು ಒಂದು ನಿರ್ದೇಶನ ಹೊರಡಿಸಿದವು. ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿ ಸಿಮೆಂಟ್ ಚೀಲ ಈಗ 25 ಕಿಲೋ.

ನಮ್ಮಲ್ಲೂ ಕಾನೂನು ಬರೆದವರು ಬೆನ್ನನ್ನು ಪೂರ್ತಿ ಮರೆತಿರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 34ನೆಯ ಸೆಕ್ಷನ್, ಗಾಯವಾಗುವಷ್ಟು ಭಾರವನ್ನು ಯಾವ ಕೆಲಸಗಾರನಿಂದಲೂ ಎತ್ತಿಸಬಾರದು ಎಂದಿತು. ಆದರೆ ಗದ್ದೆ ಕಾರ್ಖಾನೆಯಲ್ಲ, ಮೀನಿನ ಬುಟ್ಟಿ ಕಾರ್ಖಾನೆಯಲ್ಲ, ಅತ್ತೆಯ ಮಂಚ ಕಾರ್ಖಾನೆಯಲ್ಲ. ಕೆಲಸಗಾರರ ಪರಿಹಾರಕ್ಕಾಗಿ 1923ರಲ್ಲಿ ಮಾಡಿದ ಕಾಯಿದೆಯ ಮೂರನೆಯ ಪರಿಶಿಷ್ಟದಲ್ಲಿ ಸೀಸದ ವಿಷ, ಪಾದರಸದ ವಿಷ, ಸಿಲಿಕೋಸಿಸ್ ಎಲ್ಲ ಔದ್ಯೋಗಿಕ ಕಾಯಿಲೆಗಳೆಂದು ಸೇರಿದ್ದವು. ಹೊತ್ತು ಹೊತ್ತು ಹೋದ ಬೆನ್ನಿಗೆ ಆ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕಿರಲಿಲ್ಲ. ಲೋಕದಲ್ಲಿ 2020ರಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು ಎಂದು ಜಾಗತಿಕ ರೋಗಭಾರದ ಅಧ್ಯಯನ ಅಂದಾಜು ಮಾಡಿದೆ. ಮನುಷ್ಯರನ್ನು ಕೆಲಸಕ್ಕಾಗದಂತೆ ಮಾಡುವ ಕಾರಣಗಳಲ್ಲಿ ಅದೇ ಮೊದಲನೆಯದು. ಅಷ್ಟು ದೊಡ್ಡ ನೋವಿಗೆ ಒಂದು ಸಾಲು ಹೆಚ್ಚಲ್ಲ.

ಆ ಸಾಲು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಮೀನು ಮಾರುಕಟ್ಟೆಯ ಕಟ್ಟೆಯನ್ನು ಸೊಂಟದ ಎತ್ತರಕ್ಕೆ ಕಟ್ಟಿಸಿದರೆ ಬುಟ್ಟಿಯನ್ನು ನೆಲದಿಂದ ಎತ್ತಬೇಕಾಗಿಲ್ಲ, ತಲೆಯಿಂದ ನೇರ ಕಟ್ಟೆಗೆ ಜಾರಿಸಬಹುದು. ಕಾಲುದಾರಿಯ ಕಾಲದಲ್ಲಿ ತಮಿಳರು, ಮಲಯಾಳಿಗಳು ಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಇಳಿಸಿ ಮತ್ತೆ ಎತ್ತಿಕೊಳ್ಳಲೆಂದೇ ತಲೆಯ ಎತ್ತರಕ್ಕೆ ಕಲ್ಲು ನಿಲ್ಲಿಸಿದ್ದರು. ಹಾಗೆ ನಿಲ್ಲಿಸುವುದನ್ನು ಪುಣ್ಯವೆಂದೇ ಬಗೆದರು. ಬಸ್ ನಿಲ್ದಾಣಗಳಲ್ಲಿ ಅಂಥ ಒಂದು ಕಟ್ಟೆಗೆ ಹೆಚ್ಚು ಖರ್ಚಿಲ್ಲ. ಸಿಲಿಂಡರ್ ತಂದ ಹುಡುಗನಿಗೆ, ಲಿಫ್ಟ್ ಇಲ್ಲದ ದಿನ ನಾಳೆ ಬಾ ಎನ್ನಬಹುದು. ಆಸ್ಪತ್ರೆಯ ಕೋಣೆಯಲ್ಲಿ, ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿಯುವ ಮೊದಲು, ನೀವು ದಿನಕ್ಕೆ ಏನೇನು ಎತ್ತುತ್ತೀರಿ, ಮನೆಯಲ್ಲಿ ಇನ್ನಾರಿದ್ದಾರೆ ಎಂದು ಕೇಳಿ ಅದನ್ನೂ ಚೀಟಿಯಲ್ಲಿ ಬರೆಯಬಹುದು. ಹಾಗೆ ಬರೆಸಿಕೊಂಡ ಚೀಟಿಯನ್ನು ಆಕೆ ಮನೆಗೆ ತಂದು ಊಟದ ಹೊತ್ತಿಗೆ ಎಲ್ಲರ ಮುಂದೆ ಇಡಲಿ. ಗಂಡ ಓದಲಿ, ಮಗ ಓದಲಿ, ದುಬೈಯ ತಮ್ಮನಿಗೂ ಫೋಟೋ ತೆಗೆದು ಕಳಿಸಲಿ.